ಹುಸಿದೊಗಲಿಗೆ ವಾಸನೆ ಬೆರೆಸುವ ಮುನ್ನ

ತೊಟ್ಟಿ ಓಣಿ, ಕೃಷ್ಣೆಯ ದಂಡೆ
ಹದಿಮೂರನೆಯ ತಿಂಗಳ ಮೂವತ್ತೈದು, ೨೨೧೪

ಎಂಜಿನಿಯರ್ ಭೀಮಶಿ ಅಜ್ಜನಿಗೆ, ನಿನ್ನ ಮರಿಮೊಮ್ಮಗನ ಮೊಮ್ಮಗ ದುಂಡಪ್ಪನ ನಮಸ್ಕಾರ. ನೀನಿನ್ನೂ ಮೀಸೆ ತಿರುವುವ ವಯಸ್ಸಿನವನು, ನಾನು ಹಲ್ಲುದುರಿದ ಮುದುಕ. ಆದರೂ ಅಜ್ಜ ನೀನೇ. ತಾರೀಖು ಕಂಡು ಗಾಬರಿಯಾಗಬೇಡ. ಬೇಸಿಗೆ ಉದ್ದವಾದ ಮೇಲೆ ಅದಕ್ಕೊಂದು ಉದ್ದನೆಯ ತಿಂಗಳನ್ನೇ ಹೆಚ್ಚಿಗೆ ಕೊಟ್ಟಿದ್ದೇವೆ. ನಮ್ಮ ಮಾತುಗಳು ನಿನ್ನ ಕಿವಿಗೆ ಕಚ್ಚಿದರೆ ಕ್ಷಮಿಸು. ಹೊಸ ಚಪ್ಪಲಿಯೂ ಮೊದಮೊದಲು ಕಚ್ಚುತ್ತದೆ.

ಕಬ್ಬಿನ ಸಿಪ್ಪೆಯಿಂದ ನೀನು ಮಾಡಿದ ತೊಗಲಿಗೆ ಇಲ್ಲಿ ಹುಸಿದೊಗಲು ಎನ್ನುತ್ತಾರೆ. ನಮ್ಮ ಓಣಿಯವರೇ ಅದನ್ನು ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಚಪ್ಪಲಿ, ಡೋಲು, ದೋಣಿಯ ಹಾಯಿ, ಮನೆಯ ಮಾಡು, ಎಲ್ಲವೂ ಅದೇ. ದನದ ಚರ್ಮ ಕಂಡವರು ಯಾರೂ ಉಳಿದಿಲ್ಲ. ಚರ್ಮ ಹದ ಮಾಡುವ ಓಣಿಯಲ್ಲಿ ಹುಟ್ಟಿದ ನೀನು ಇದನ್ನು ಯಾಕೆ ಕಂಡುಹಿಡಿದೆ ಎಂಬುದು ನಮಗೆಲ್ಲ ಗೊತ್ತು. ನಮ್ಮವರನ್ನು ಯಾರೂ ಮೂಗು ಮುಚ್ಚಿಕೊಂಡು ದೂರ ನಿಲ್ಲಿಸಬಾರದು, ಅಷ್ಟೇ.

ಆದರೆ ನಿನ್ನ ಮೊದಲ ಚಪ್ಪಲಿಗೆ ವಾಸನೆಯೇ ಇರಲಿಲ್ಲ. ಪೇಟೆಯವರು ಕಾಲಿಗೆ ಹಾಕುವ ಮೊದಲು ಮೂಗಿಗೆ ಹಿಡಿಯುವವರು. “ಏನ್ ಭೀಮಶಿ, ಚಪ್ಲಿ ಮಾಡೀಯೋ, ಹಪ್ಪಳ ಮಾಡೀಯೋ?” ಎಂದು ನಕ್ಕು ಮರಳಿಸಿದರು. ನಾಳೆ ನೀನು ಹದ ಮಾಡಿದ ಚರ್ಮದ ವಾಸನೆಯ ಎಣ್ಣೆ ಕಾಸಿ ತೊಟ್ಟಿಗೆ ಬೆರೆಸುವೆ. ಚಪ್ಪಲಿ ಪೇಟೆಗೆ ಹೋಗುತ್ತದೆ, ವಾಸನೆ ನಮ್ಮ ಮೈಗೆ ಬರುತ್ತದೆ. ತೊಗಲು ಹೋದರೂ ತಗುಲಿದ್ದು ಹೋಗಲಿಲ್ಲ, ಅಜ್ಜ.

ಉರುವಲು ತೀರಿದ ಮೇಲೆ ಊರಿಗೆಲ್ಲ ಒಂದೇ ಒಲೆ. ಎಲ್ಲರೂ ಉಣ್ಣುವುದು ಉಣ್ಣುಮನೆಯಲ್ಲಿ. ತೊಟ್ಟಿಯವರಿಗೆ ಗಾಳಿ ಹೊರಹೋಗುವ ಬಾಗಿಲ ಬಳಿ ಜಾಗ. ನಮ್ಮನ್ನು ಅಲ್ಲಿ ಕೂರಿಸುವವರು ಮೂಸಿ ಮೂಸಿ ಆರಿಸಿಕೊಂಡ ಚಪ್ಪಲಿಯನ್ನೇ ಮೆಟ್ಟಿಕೊಂಡಿರುತ್ತಾರೆ. ನನ್ನ ಮೊಮ್ಮಗಳು ತಂಗೆವ್ವ ತೊಟ್ಟಿಯ ಕೆಲಸ ಬಿಟ್ಟು, ಉಣ್ಣುಮನೆಯಲ್ಲಿ ಬಡಿಸುವ ಕೆಲಸ ಕೇಳಿದಳು. ಯಜಮಾನ ಬಸಗೌಡ, “ಒಂದಿನ ಬಡಸು, ನೋಡೂನು. ರೊಟ್ಟಿ ನಾರಿದ್ರ ಮಾತ್ರ ಮನೀ ಹಾದಿ ಹಿಡಿ,” ಎಂದ. ಅವಳು ಸೀಗೆಕಾಯಿ ತಿಕ್ಕಿ ತಿಕ್ಕಿ ಮೊಣಕೈ ಕೆಂಪು ಮಾಡಿಕೊಂಡಳು. ನನ್ನ ಕಿಡಿಗೇಡಿತನ ನಿನಗೆ ಗೊತ್ತಿಲ್ಲ. ಆ ದಿನ ನಿನ್ನ ಎಣ್ಣೆಯನ್ನು ಬಸಗೌಡ ಕೂರುವ ಹುಸಿದೊಗಲಿನ ಗಾದಿಗೇ ಸವರಿದೆ. ನಾರುವುದು ಯಾರು ಎಂದು ಊರು ನೋಡಲಿ ಎಂದುಕೊಂಡೆ.

ವಾಸನೆ ಎದ್ದಿತು. ಎಲ್ಲರೂ ತಿರುಗಿದ್ದು ದೂರದ ಸಾಲಿನಲ್ಲಿ ಬಡಿಸುತ್ತಿದ್ದ ತಂಗೆವ್ವನ ಕಡೆಗೆ. “ಹೇಳಿದ್ನಿಲ್ಲೋ?” ಎಂದ ಬಸಗೌಡ, ಗಾದಿಯಿಂದ ಏಳದೆ. ನಾನು ಆ ಗಾದಿಯನ್ನೇ ಅವನ ಕೆಳಗಿನಿಂದ ಎಳೆದು ಮೂಗಿಗೆ ಹಿಡಿದೆ. ಅವನು ಮೂಸಿ, “ಇದು ತೊಗಲಿನ ವಾಸನಿ, ಚಲೋ ಐತಿ. ಆಕೀದು ಬ್ಯಾರೆ,” ಎಂದ.

ತಂಗೆವ್ವ ರೊಟ್ಟಿಬುಟ್ಟಿ ಕೆಳಗಿಟ್ಟಳು. “ಯಜ್ಜಾ, ಸಾಕು, ಮನೀಗೆ ನಡಿ,” ಎಂದಳು. ಮರುದಿನ ಮತ್ತೆ ತೊಟ್ಟಿಯ ಕೆಲಸಕ್ಕೆ ಇಳಿದಳು.

ವಾಸನೆ ಬೆರೆಸಬೇಡ ಎಂದು ಬೇಡಿಕೊಳ್ಳಲು ಈ ಪತ್ರ ಬರೆಯಲು ಕುಳಿತೆ. ಬರೆಯುತ್ತಿದ್ದಂತೆ, ಬೆರೆಸದಿದ್ದರೂ ಏನೂ ಬದಲಾಗದು ಎಂದು ಹೊಳೆಯಿತು. ಆದರೂ ಬೆರೆಸಬೇಡ, ಅಜ್ಜ. ನಮ್ಮನ್ನು ದೂರ ಕೂರಿಸಲು ಕಾರಣ ಹುಡುಕುವ ಕಷ್ಟವಾದರೂ ಅವರಿಗೇ ಇರಲಿ.