ಹಾರ ತೆಗೆಸಿ, ಸಾರ್

ನಿಟ್ಟೂರು
ನವೆಂಬರ್ 1999

ರಂಗನಾಥ್ ಸಾರ್ ಅವರಿಗೆ, ನಿಮ್ಮ ಫ್ಯಾಕ್ಟರಿಯ ಲೇತ್ ಕೆಲಸದ ಗಂಗಹನುಮಯ್ಯನ ನಮಸ್ಕಾರಗಳು.

ಕಾರ್ಗಿಲ್ ಸಮಯದಲ್ಲಿ ನಾನು ರಜೆಯಲ್ಲಿ ತರಬೇತಿಗೆ ಹೋಗುತ್ತಿದ್ದ ಟೆರಿಟೋರಿಯಲ್ ಆರ್ಮಿಯಿಂದ ಕರೆ ಬಂದಾಗ, "ಹೋಗಿ ಬಾರಯ್ಯ, ನಿನ್ ಮೆಷಿನ್ ಎಲ್ಲೂ ಹೋಗಲ್ಲ" ಎಂದು ಬೆನ್ನು ತಟ್ಟಿ ಕಳಿಸಿದವರು ನೀವೇ. ನನ್ನನ್ನು ಹಾಕಿದ್ದು ಪಠಾಣ್‌ಕೋಟ್ ಹತ್ತಿರ ಒಂದು ಸೇತುವೆಯ ಕಾವಲಿಗೆ. ಮೈಗೆ ಒಂದು ಗೀರೂ ಆಗಿಲ್ಲ.

ನಿನ್ನೆ ಅಂತರಸನಹಳ್ಳಿಯ ನಿಮ್ಮ ಫ್ಯಾಕ್ಟರಿಗೆ ಬಂದಾಗ ಗೇಟಿನ ಹೊಸ ವಾಚ್‌ಮನ್ ನನ್ನ ಮುಖ ಕಂಡು ಸ್ಟೂಲಿನಿಂದೆದ್ದು ಹಿಂದೆ ಸರಿದ. ಯಾಕೆಂದು ಆಫೀಸಿನೊಳಗೆ ಬಂದ ಮೇಲೆ ತಿಳಿಯಿತು. ಗೋಡೆಯ ಮೇಲೆ ಯೂನಿಫಾರ್ಮಿನಲ್ಲಿರುವ ನನ್ನ ಫೋಟೊ, ಅದಕ್ಕೆ ಗಂಧದ ಹಾರ, ಕೆಳಗೆ ಊದುಬತ್ತಿ.

"ಗೌರವಕ್ಕೆ ಹಾಕ್ಸಿರೋದು ಕಣಯ್ಯ. ಆರ್ಡರ್ ಕೊಡೋಕೆ ಬಂದೋರೆಲ್ಲ ಕೈ ಮುಗೀತಾರೆ" ಎಂದಿರಿ.

ನನ್ನ ಲೇತಿನ ಮುಂದೆ ಬೇರೊಬ್ಬ ನಿಂತಿದ್ದ. ನಾನು ಕೆಲಸ ಕೇಳಿದರೆ, "ಈಗ ನಿನ್ನ ತಗೊಂಡ್ರೆ ಕೈ ಮುಗಿದೋರಿಗೆಲ್ಲ ಏನಂತ ಹೇಳ್ಲಿ?" ಎಂದಿರಿ.

ನಿನ್ನೆ ಹಾಗೇ ಬಸ್ ಹತ್ತಿ ಊರಿಗೆ ಬಂದುಬಿಟ್ಟೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಸೋಮವಾರ ಬುತ್ತಿ ಕಟ್ಟಿಸಿಕೊಂಡು ಕೆಲಸಕ್ಕೆ ಬರುತ್ತೇನೆ. ಫೋಟೊ ಬೇಕಾದರೆ ಇರಲಿ, ಅಷ್ಟರೊಳಗೆ ಹಾರ ತೆಗೆಸಿ ಸಾರ್. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಇವತ್ತೂ ಹೂ ಮುಡಿದಿದ್ದಾಳೆ.

ಇಂತಿ,
ಗಂಗಹನುಮಯ್ಯ