ಹದಿನಾರು ಲಿಫ್ಟರ್‌ಗಳು

ತಾರೀಖು ಆರು, ಸೋಮವಾರ

ಸೂಜೀ,

ನನಗೆ ಕಾಗದ ಬರೆದು ರೂಢಿಯಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನನ್ನು ಹಿಡಿದು ಪೆನ್ನು ಕೊಟ್ಟು ಕೂರಿಸಿದವಳು ನಿನ್ನ ಅತ್ತಿಗೆ. ಫೋನ್ ಮಾಡುತ್ತೇನೆ ಬಿಡು ಎಂದೆ. "ಮೂರನೇ ಮಾತಿಗೆ ಕೂಗಾಡ್ತೀರಿ, ಅವಳು ಇಟ್ಟುಬಿಡ್ತಾಳೆ. ಬರೀರಿ ಸುಮ್ನೆ" ಎಂದಳು. ಮೂರು ಹಾಳೆ ಹರಿದು ಬಿಸಾಕಿದೆ. ಇದು ನಾಲ್ಕನೆಯದು. ತಪ್ಪಿದ್ದರೆ ತಿದ್ದಿಕೊಂಡು ಓದು, ನಗಬೇಡ.

ಹೋದ ವಾರ ಅವಳು ನಿನ್ನನ್ನು ನೋಡಿದಳಂತೆ. ಪಂಪ್ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ತುಕ್ಕು ಹಿಡಿದ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆಯಂತೆ. ಇವಳನ್ನು ಕಂಡು ಬೆನ್ನು ತಿರುಗಿಸಿದೆಯಂತೆ. ಮನೆಗೆ ಬಂದವಳು ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು: "ರೇಸ್ ಎಂಜಿನ್ ಕಟ್ಟೋಳನ್ನ ಆ ಗತಿಗೆ ತಂದೋರು ಯಾರ್ರೀ? ಅಷ್ಟಕ್ಕೂ ಆ ಲಿಫ್ಟರ್ ಅಂದ್ರೇನು, ಅದನ್ನಾದ್ರೂ ಹೇಳಿ." ಹೇಳಿದೆ. ಬೆರಳುದ್ದದ ಉಕ್ಕಿನ ಕೊಳವೆ, ಒಳಗೆ ಎಣ್ಣೆ, ಎಣ್ಣೆಯ ಮೇಲೆ ಕೂತು ಮೇಲೆ ಕೆಳಗೆ ಜಾರುವ ಪುಟ್ಟ ಪ್ಲಂಜರ್. ಕೆಳಗೆ ತಿರುಗುವ ಕ್ಯಾಮ್ ತನ್ನ ಉಬ್ಬಿನಿಂದ ತಳ್ಳಿದರೆ ಇದು ಮೇಲಿನ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ವಾಲ್ವ್ ತೆರೆಯುತ್ತದೆ. ನಡುವೆ ಉಳಿಯುವ ಸಂದನ್ನು ಎಣ್ಣೆ ತುಂಬಿಕೊಳ್ಳುತ್ತದೆ. ಆದರೆ ಮೇಲಿನ ನಟ್ಟನ್ನು ಕಡ್ಡಿಯ ಸಡಿಲ ಮುಗಿಯುವವರೆಗೆ ಇಳಿಸಿ, ಆ ಸೊನ್ನೆಯಿಂದ ಮುಂದೆ ಎಷ್ಟು ಬೇಕೋ ಅಷ್ಟೇ ಬಿಗಿಯಬೇಕು. ಕೇಳಿಸಿಕೊಂಡು ಅವಳು ಅಂದದ್ದು ಇಷ್ಟೆ: "ಹಾಗಾದ್ರೆ ಬಿಗಿದೋರು ಯಾರು?"

ನಾನು ಊಟಕ್ಕೆ ಕೂತಿದ್ದೆ. ತಟ್ಟೆ ಸರಿಸಿ ಎದ್ದೆ.

ನಾನೇ. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಹಲ್ಲು ಡಾಕ್ಟರ ಕಾರಿಗೆ ಲಿಫ್ಟರ್ ಆರಿಸಿದ ದಿನದಿಂದಲೇ ನನ್ನ ತಲೆ ಕೆಟ್ಟಿತ್ತು. ಎಣ್ಣೆಯ ಗೊಡವೆಯಿಲ್ಲದ ಗಟ್ಟಿ ಲಿಫ್ಟರ್ ಹಾಕೋಣ ಎಂದೆ. ರೇಸಿನ ಎಂಜಿನ್ ಎಂದಮೇಲೆ ಟಕಟಕ ಅನ್ನಲೇಬೇಕು ಎಂದುಕೊಂಡು ಬೆಳೆದವನು ನಾನು. ಪ್ರತಿ ರೇಸಿಗೂ ಮುಚ್ಚಳ ಬಿಚ್ಚಿ ಸಂದು ಸರಿಮಾಡಿಸಲು ತಮಗೆ ಪುರುಸೊತ್ತಿಲ್ಲ, ಕ್ಲಿನಿಕ್ಕಿಗೂ ಅದೇ ಕಾರಲ್ಲಿ ಹೋಗಬೇಕು ಎಂದರು ಡಾಕ್ಟರು. ಹಾಗಾದರೆ ಎಣ್ಣೆ ತುಂಬುವ ಹೈಡ್ರಾಲಿಕ್ಕೇ ಸರಿ ಎಂದೆ ನೀನು. ನಾನು ನಕ್ಕುಬಿಟ್ಟೆ. "ನಿಮಿಷಕ್ಕೆ ಏಳು ಸಾವಿರ ಸುತ್ತಿಗೆ ಹೋದ್ರೆ ಒಳಗೆ ಎಣ್ಣೆ ಉಬ್ಬಿ ವಾಲ್ವ್ ಮುಚ್ಚೋದೇ ಇಲ್ಲ. ಅಜ್ಜಿ ಕಾರಿಗೆ ಹಾಕು ಅದನ್ನ" ಎಂದೆ. ನೀನು ಸಿಟ್ಟಾಗಲಿಲ್ಲ. "ಮಾಮೂಲಿದಲ್ಲ ಅಣ್ಣ, ಪ್ಲಂಜರ್ ಸ್ವಲ್ಪವೇ ಓಡಾಡೋ ಥರದ್ದು ಬರುತ್ತೆ" ಎಂದೆ. ಅದರಲ್ಲೂ ಕೆಳಗೆ ರೋಲರ್ ಇರುವುದು ಬೇಕು, ಅದಕ್ಕೆ ಹೊಂದುವ ಕ್ಯಾಮನ್ನು ಜೊತೆಗೇ ತರಿಸಬೇಕು ಎಂದೆ. ಸ್ಪ್ರಿಂಗಿನ ಬಲ, ಎಣ್ಣೆಯ ಒತ್ತಡ, ಕಡ್ಡಿಯ ಉದ್ದ ಎಲ್ಲವನ್ನೂ ಗೋಡೆಯ ಹಲಗೆಯ ಮೇಲೆ ಬರೆದು ತೋರಿಸಿದೆ. "ಹಲ್ಲು ಕೀಳೋಕೂ ನಾನು ಇಷ್ಟು ಅಳತೆ ತಗೊಳ್ಳಲ್ಲ ಕಣಮ್ಮ" ಎಂದು ಡಾಕ್ಟರು ನಕ್ಕರು. ಕುರ್ಚಿಯನ್ನು ನಿನ್ನ ಕಡೆಗೆ ತಿರುಗಿಸಿಕೊಂಡರು. ಅಂಗಡಿ ನನ್ನದು, ನಿನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೈಕ್ರೋಮೀಟರ್ ಹಿಡಿಯಲು ಕಲಿಸಿದವನು ನಾನು, ಅವರು ನನಗೆ ಬೆನ್ನು ಹಾಕಿ ಕೂತಿದ್ದರು. ಉರಿದುಹೋಯಿತು.

ಅದಕ್ಕೇ ಆರಿಸುವುದು ನಿನ್ನದಾಯಿತು, ಜೋಡಿಸಿ ಬಿಗಿಯುವುದು ನನ್ನದು ಎಂದು ಜಗಳ ತೆಗೆದೆ. ನೀನು ಒಪ್ಪಿಕೊಂಡೆ. ಸ್ಪ್ಯಾನರಿನ ಕೆಳಗೆ ಒಂದು ಚೀಟಿ ಇಟ್ಟು ಹೋದೆ. "ಸೊನ್ನೆ ಸಿಕ್ಕಮೇಲೆ ಕಾಲು ಸುತ್ತು. ಹೆಚ್ಚು ಬೇಡ ಅಣ್ಣ" ಎಂದು ಬರೆದಿದ್ದೆ.

ರೇಸಿನ ಒಂಬತ್ತನೇ ಸುತ್ತಿನಲ್ಲಿ ಆ ಎಂಜಿನ್ ಉಸಿರು ಬಿಟ್ಟದ್ದು, ಹಿಂದಿನ ಕಾರು ಬಂದು ಗುದ್ದಿದ್ದು, ಡಾಕ್ಟರ ಬಲ ಮಣಿಕಟ್ಟು ಮುರಿದದ್ದು ಎಲ್ಲ ನಿನಗೆ ಗೊತ್ತು. ರೇಸ್ ಕ್ಲಬ್ಬಿನವರು ವಿಚಾರಣೆಗೆ ಕೂತರು. ಅವರ ಕಡೆಯ ಪರಿಣತ ನಟ್ಟುಗಳನ್ನು ಸಡಿಲಿಸಿ ಎಣಿಸಿದ್ದ, ಹೆಚ್ಚುಕಡಿಮೆ ಒಂದು ಸುತ್ತು ಬಿಗಿದಿತ್ತು. ಇಷ್ಟು ಬಿಗಿಯಲು ಹೇಳಿದವರು ಯಾರು ಎಂದು ಕೇಳಿದರು. ನನ್ನ ತಂಗಿ ಎಂದೆ. ನೀನು ಕುರ್ಚಿಯಿಂದ ಎದ್ದು, ಕಾಲು ಸುತ್ತು ಎಂದು ಚೀಟಿ ಬರೆದುಕೊಟ್ಟಿದ್ದೆ ಎಂದೆ. ಅವರು ನನ್ನ ಮುಖ ನೋಡಿದರು. ಯಾವ ಚೀಟಿಯನ್ನೂ ನಾನು ಕಂಡಿಲ್ಲ ಎಂದೆ. ಆಗ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಆರಿಸಿದ್ದೂ ತಪ್ಪು, ಹೇಳಿದ್ದೂ ತಪ್ಪು ಎಂದು ಅವರು ರೇಸ್ ಎಂಜಿನ್ ಕಟ್ಟುವ ನಿನ್ನ ಪರವಾನಗಿ ಕಿತ್ತುಕೊಂಡರು. ನೀನು ಹೊರಗೆ ಬಂದು ಸೀದಾ ರಸ್ತೆಗಿಳಿದು ನಡೆದೆ. ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೂ ವಾಸಿಯಿತ್ತು. ಆಮೇಲೆ ಅಂಗಡಿಗೆ ಬಂದವರೆಲ್ಲ "ಎಲ್ಲಿ ನಿಮ್ಮ ತಂಗಿ?" ಅನ್ನುವರು. ಅವಳಿಗೆ ಈ ಕೆಲಸ ಹಿಡಿಸಲಿಲ್ಲ ಎಂದು ಎಂಟು ತಿಂಗಳಿಂದ ಹೇಳಿಕೊಂಡು ಬಂದಿದ್ದೇನೆ, ನಾಚಿಕೆಗೆಟ್ಟವನು.

ನಡೆದದ್ದು ಹೀಗೆ. ಹಟಕ್ಕೆ ಬಿದ್ದು ಒಂದು ಸುತ್ತು ಪೂರ್ತಿ ಬಿಗಿದೆ. ಇಷ್ಟು ವರ್ಷ ಹಾಗೇ ಬಿಗಿದವನಿಗೆ ನಿನ್ನ ಕಾಲು ಸುತ್ತು ಯಾಕೆ ಎಂಬ ಸೊಕ್ಕು. ಮಾಮೂಲಿ ಲಿಫ್ಟರ್ ಆಗಿದ್ದರೆ ತಡೆದುಕೊಳ್ಳುತ್ತಿತ್ತು. ನೀನು ತರಿಸಿದ್ದರಲ್ಲಿ ಪ್ಲಂಜರ್ ತಳಕ್ಕೆ ಹೋಗಿ ಕೂತಿತು. ಎಂಜಿನ್ ಕಾದಮೇಲೆ ಎರಡು ವಾಲ್ವ್ ಪೂರ್ತಿ ಮುಚ್ಚಲಿಲ್ಲ, ಸಂದಿಯಲ್ಲಿ ಬೆಂಕಿ ನುಗ್ಗಿ ಅಂಚು ಸುಟ್ಟುಹೋಯಿತು. ಶನಿವಾರ ಆ ಎಂಜಿನ್ನಿನ ಹದಿನಾರು ಲಿಫ್ಟರನ್ನೂ ಬಿಚ್ಚಿ ತೊಳೆದು, ಎಣ್ಣೆ ತುಂಬಿ, ಒಂದೊಂದರ ಮೇಲೂ ಭಾರ ಹೇರಿ ಗಡಿಯಾರ ನೋಡುತ್ತಾ ಕೂತೆ. ಒಂದಾದರೂ ಎಣ್ಣೆ ಸೋರಿ ಬೇಗ ಕುಸಿದರೆ ತಪ್ಪನ್ನು ನಿನ್ನ ಮೇಲೆ ಹಾಕಬಹುದಲ್ಲ ಎಂಬ ಆಸೆ ಆಗಲೂ ಇತ್ತು. ಒಂದೂ ಕುಸಿಯಲಿಲ್ಲ. ನೀನು ಆರಿಸಿದ್ದು ಸರಿಯಾಗಿತ್ತು. ನನಗಿಂತ ಚೆನ್ನಾಗಿ ಆರಿಸಿದ್ದೆ.

ಇವತ್ತು ಬೆಳಗ್ಗೆ ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ ಹೋಗಿದ್ದೆ. ಸುಳ್ಳು ಹೇಳಿದ್ದು ನಾನು, ಹುಡುಗಿಯ ಪರವಾನಗಿ ವಾಪಸ್ ಕೊಡಿ ಎಂದೆ. ಆತ ಕನ್ನಡಕ ತೆಗೆದು ಒರೆಸಿಕೊಂಡು "ನೀವು ಹೇಳಿದ್ರೆ ಸಾಲ್ದು ಯಜಮಾನ್ರೆ, ಶಿಕ್ಷೆ ಆದೋರೇ ಅರ್ಜಿಗೆ ಸಹಿ ಹಾಕ್ಬೇಕು" ಎಂದ. ಇಪ್ಪತ್ತೆರಡಕ್ಕೆ ಸಭೆ ಇದೆ. ಅದಾದರೆ ಇನ್ನು ಒಂದು ವರ್ಷ ಸಭೆ ಕೂರುವುದಿಲ್ಲವಂತೆ. ಅರ್ಜಿ ಇದರ ಜೊತೆಗಿದೆ. ನಿನ್ನ ಚೀಟಿಯೂ ಇದೆ. ಎಣ್ಣೆಯ ಕಲೆ ಆಗಿದೆ, ಅಕ್ಷರ ಕಾಣುತ್ತದೆ.

ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಬಯ್ಯುವುದಿದ್ದರೆ ಬಯ್ದು ಬರಿ, ಅತ್ತಿಗೆಯ ಕೈಲಿ ಓದಿಸುವುದಿಲ್ಲ, ನಾನೇ ಓದಿಕೊಳ್ಳುತ್ತೇನೆ.

ನಿನ್ನ ಅಣ್ಣ

ತಾ. ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹಟದಿಂದ ಒಂದು ಸುತ್ತು ಬಿಗಿಯಲಿಲ್ಲ. ನಿನ್ನ ಚೀಟಿ ಎದುರಿಗಿಟ್ಟುಕೊಂಡು ಹದಿನಾರಕ್ಕೂ ಕಾಲು ಸುತ್ತೇ ಕೊಟ್ಟೆ. ನನಗೆ ಸಿಗದೆ ಹೋದದ್ದು ಸೊನ್ನೆ. ಕಡ್ಡಿಯನ್ನು ಎರಡು ಬೆರಳಲ್ಲಿ ಹೊರಳಿಸುತ್ತಾ ನಟ್ಟು ಇಳಿಸುವಾಗ, ಸಂದು ಮುಗಿದ ಕಡೆ ಅದು ಬೆರಳಿಗೆ ಹಿಡಿದಂತಾಗುತ್ತದಲ್ಲ, ಅದು ನನಗೆ ಎರಡು ವರ್ಷದಿಂದ ತಿಳಿಯುವುದಿಲ್ಲ. ಬೆರಳ ತುದಿಗಳು ಮರಗಟ್ಟಿವೆ. ಗೊತ್ತಾಗದೆ ಸೊನ್ನೆ ದಾಟಿಸಿ, ಅಲ್ಲಿಂದ ಕಾಲು ಸುತ್ತು ಕೊಟ್ಟಿದ್ದೇನೆ. ಮುಂಗೋಪಿ, ಹಟಮಾರಿ ಅಂದರೆ ತಡೆದುಕೊಳ್ಳುತ್ತೇನೆ. ಕೈ ಹೋದ ಮೇಸ್ತ್ರಿ ಅನ್ನಿಸಿಕೊಳ್ಳಲಾರದೆ ನಿನ್ನ ಕೈ ಕಟ್ಟಿಸಿದೆ. ಅತ್ತಿಗೆಗೆ ಇದು ಗೊತ್ತಿಲ್ಲ. ಆ ವಿಚಾರಣೆಯ ದಿನದಿಂದ ಗಿರಾಕಿಗಳ ಯಾವ ಎಂಜಿನ್ನಿಗೂ ಕೈ ಹಾಕಿಲ್ಲ, ಬೆನ್ನು ನೋವು ಎಂದು ಹೇಳಿ ಬಂದವರನ್ನು ಸಾಗಹಾಕುತ್ತಿದ್ದೇನೆ. ಸಭೆಯಲ್ಲಿ ಇದನ್ನೂ ಹೇಳುತ್ತೇನೆ, ನೀನಿದ್ದರೂ ಸರಿ, ಇಲ್ಲದಿದ್ದರೂ ಸರಿ. ಆದರೆ ಅರ್ಜಿಯಲ್ಲಿ ನಿನ್ನ ಸಹಿ ಇಲ್ಲದೆ ಅವರು ನನ್ನನ್ನು ಬಾಗಿಲೊಳಗೆ ಬಿಡುವುದಿಲ್ಲ. ಹಾಕುತ್ತೀಯೋ ಇಲ್ಲವೋ, ಹದಿನೆಂಟನೇ ತಾರೀಖಿನೊಳಗೆ ಉತ್ತರ ನನಗೆ ಬಂದು ಸೇರಬೇಕು.