ಗಾಳಿಗೆ ಮುಚ್ಚದ ಬಾಗಿಲು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ತಂಗಿಯ ಬಲಗೈಯ ಎರಡು ಬೆರಳು ಬಾಗಿಲ ಸಂದಿಯಲ್ಲಿ ಜಜ್ಜಿಹೋಗಿವೆ. ಜಜ್ಜಿದವರು ಅವಳ ಶಾಲೆಯ ಮುಖ್ಯೋಪಾಧ್ಯಾಯರು. ವಿಚಾರಣೆಗೆ ನೀವು ಕರೆದಿರುವುದು ಅವಳನ್ನು. ನಾನು ಇದುವರೆಗೆ ಪತ್ರ ಬರೆದದ್ದೆಲ್ಲ ಚಿಕ್ಕಪ್ಪನ ಮಕ್ಕಳಿಗೆ, ಸೋದರಳಿಯಂದಿರಿಗೆ. ಅಧಿಕಾರಿಗಳಿಗೆ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮುಖ್ಯೋಪಾಧ್ಯಾಯರ ತಪ್ಪುಗಳಿಗೆಲ್ಲ ಜಾಗ ಕೊಟ್ಟ ಹೊಟ್ಟೆಯಲ್ಲಿ ನನ್ನದಕ್ಕೂ ಒಂದು ಮೂಲೆ ಸಿಕ್ಕೀತು.

ಹೋದ ವರ್ಷ ನಿಮ್ಮ ಕಚೇರಿ ಶಿಕ್ಷಕರಿಗೆಂದು ಫೋನಿನಲ್ಲಿ ಮಾತಾಡುವ ಒಂದು ಎಐ ಯಂತ್ರ ಕೊಟ್ಟಿತು. ಮೇಲಿನವರ ಜೊತೆ, ಸಹೋದ್ಯೋಗಿಗಳ ಜೊತೆ ಆಡಲು ನಾಲಿಗೆ ಏಳದ ಮಾತುಗಳನ್ನು ಮೊದಲು ಅದರೊಂದಿಗೆ ಆಡಿ ಪಳಗಬೇಕಂತೆ. ಎದುರಿಗಿರುವವರು ಎಂಥವರೆಂದು ಹೇಳಿದರೆ ಅದು ಅವರಂತೆಯೇ ಉತ್ತರ ಕೊಡುತ್ತದೆ, ಆಮೇಲೆ ನಾವು ಎಡವಿದ್ದೆಲ್ಲಿ ಎಂದು ತೋರಿಸುತ್ತದೆ. ನಿಮ್ಮ ಸುತ್ತೋಲೆಯ ಸಾಲು ನನಗೆ ಬಾಯಿಪಾಠ: "ಇಲ್ಲಿ ತಪ್ಪಲು ಹೆದರಬೇಡಿ, ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ." ಮೊಹರು ಬಿದ್ದ ಕಾಗದವನ್ನು ನನ್ನ ತಂಗಿ ನಂಬುತ್ತಾಳೆ. ಇದನ್ನೂ ನಂಬಿದಳು.

ಅವಳಿಗೆ ಆಡಬೇಕಾಗಿದ್ದದ್ದು ಒಂದೇ ಮಾತು. ಆರನೇ ತರಗತಿಯ ಹುಡುಗಿಯೊಬ್ಬಳಿಗೆ ಮುಖ್ಯೋಪಾಧ್ಯಾಯರು ಕೊಟ್ಟ ಏಟಿಗೆ ಕಿವಿಯಿಂದ ರಕ್ತ ಇಳಿಯಿತು. ಆ ಎಡಗಿವಿ ಇವತ್ತಿಗೂ ಕೇಳುವುದಿಲ್ಲ. ಹೊಡೆಯಬೇಡಿ ಎಂದು ಯಾರಾದರೂ ಹೇಳಬೇಕಿತ್ತು. ಶಿಕ್ಷಕರ ಕೋಣೆಯಲ್ಲಿ ಹನ್ನೊಂದು ಕುರ್ಚಿಗಳಿವೆ, ಎಲ್ಲವನ್ನೂ ರಿಪೇರಿ ಮಾಡಿದ ಬಡಗಿ ನಾನೇ. ಆ ಕೋಣೆಯಲ್ಲಿ ಕಾಲು ಗಟ್ಟಿಯಿದ್ದದ್ದು ಕುರ್ಚಿಗಳಿಗೆ ಮಾತ್ರ.

ಮೂರು ವಾರ, ಸಂಜೆ ಹೊತ್ತು, ಅಡುಗೆಮನೆಯ ಮೇಜಿನ ಮೇಲೆ ಫೋನ್ ಒರಗಿಸಿಕೊಂಡು ಹತ್ತೊಂಬತ್ತು ಸಲ ಅಭ್ಯಾಸ ಮಾಡಿದಳು. ಮೊದಲ ಸಲ ಬರೀ ಅತ್ತಳು. ನಾಲ್ಕನೇ ಸಲ ಯಂತ್ರ ಮುಖ್ಯೋಪಾಧ್ಯಾಯರ ಗತ್ತಿನಲ್ಲಿ ನಿನಗ್ಯಾಕೆ ಊರ ಉಸಾಬರಿ ಎಂದಾಗ, "ಇನ್ನೊಂದು ಮಗೂನ ಮುಟ್ಟಿ ನೋಡಿ, ಆ ಕೈ ಮುರೀತೀನಿ" ಎಂದು ಕೂಗಿದಳು. ಯಂತ್ರ ಹೆದರಿ ಓಡಿಹೋಯಿತೇನೋ ನೋಡವ್ವ ಎಂದು ನಾನು ಒಲೆ ಮುಂದಿಂದ ನಗೆಯಾಡಿದೆ. ಅದು ಓಡಲಿಲ್ಲ, ಬೈಯಲೂ ಇಲ್ಲ. ಸಿಟ್ಟು ನ್ಯಾಯದ್ದೇ, ಆದರೆ ಅವರ ಕಿವಿಗೆ ಬೀಳುವುದು ಬೆದರಿಕೆಯಷ್ಟೇ, ನಿಮಗೆ ಬೇಕಾದದ್ದನ್ನೇ ನೇರ ಹೇಳಿ ಎಂದಿತು. ಒಬ್ಬರೇ ಹೋಗಬೇಡಿ ಎಂದೂ ಹೇಳಿತು. ಜೊತೆಗೆ ಬನ್ನಿ ಎಂದು ಇವಳು ಶಿಕ್ಷಕರ ಕೋಣೆಯ ಎಲ್ಲರನ್ನೂ ಕೇಳಿಕೊಂಡಳು. ಯಾರೂ ಏಳಲಿಲ್ಲ. ಅದಕ್ಕೇ ಅವಳು ಮಾತಾಡಲು ಹೋದ ದಿನ ನಾನು ಮುಖ್ಯೋಪಾಧ್ಯಾಯರ ಕೋಣೆಯ ಮುಂದಿನ ವರಾಂಡದಲ್ಲಿ ಮುರಿದ ಬೆಂಚೊಂದನ್ನು ರಿಪೇರಿಗೆ ಎಳೆದುಕೊಂಡು ಕೂತಿದ್ದು.

ಅವಳು ಹೊಸ್ತಿಲಲ್ಲಿ ನಿಂತು, ಚೌಕಟ್ಟು ಹಿಡಿದು, ಹತ್ತೊಂಬತ್ತನೇ ಸಲ ಪಳಗಿಸಿಕೊಂಡದ್ದನ್ನೇ ಹೇಳಿದಳು: "ಸರ್, ಇವತ್ತಿಂದ ಮಕ್ಕಳಿಗೆ ಹೊಡೀಬೇಡಿ. ಹೊಡೆದರೆ ನಾನು ದೂರು ಬರೆದು ಕೊಡ್ತೀನಿ."

ಅವರು ಎದ್ದು ಬಂದು ಭುಜ ಕೊಟ್ಟು ಬಾಗಿಲು ದೂಡಿದರು. ಎಲುಬು ಮುರಿಯುವ ಸದ್ದು ಒಣ ಮರದ ಪಟ್ಟಿ ಮುರಿದಂತೆಯೇ ಇರುತ್ತದೆ ಸ್ವಾಮಿ. ಬಾಗಿಲನ್ನು ಹಿಂದಕ್ಕೆ ಜಗ್ಗಿದರು. ಬೆರಳು ಇನ್ನೂ ಅಲ್ಲೇ ಇದ್ದವು. ಮತ್ತೆ ದೂಡಿದರು. ನನ್ನ ಕೈಯಲ್ಲಿ ಉಳಿ ಹೊಡೆಯುವ ಕೊಡತಿ ಇತ್ತು. ಎತ್ತಿದೆ. ಸುಳ್ಳು ಯಾಕೆ, ಅವರ ತಲೆಗೆ ಗುರಿಯಿಟ್ಟೇ ಎತ್ತಿದೆ. ರಕ್ತ ಸುರಿಯುವ ಕೈಯನ್ನು ಎದೆಗೊತ್ತಿಕೊಂಡು ತಂಗಿ ಹೇಳಿದಳು: "ಅಣ್ಣ, ಬೇಡ. ಮಕ್ಕಳು ನೋಡ್ತಿದ್ದಾರೆ."

ಆ ಮಾತನ್ನು ಅವಳು ಯಾವ ಯಂತ್ರದ ಮುಂದೆಯೂ ಅಭ್ಯಾಸ ಮಾಡಿರಲಿಲ್ಲ.

ಈಗ ನಿಮ್ಮ ನೋಟಿಸ್ ಬಂದಿದೆ. ಬಾಗಿಲು ಗಾಳಿಗೆ ಬಡಿಯಿತೆಂದು ಮುಖ್ಯೋಪಾಧ್ಯಾಯರು ಬರೆದಿದ್ದಾರಂತೆ. ಶಿಕ್ಷಕಿಯದು ಹಿಂಸಾಪ್ರವೃತ್ತಿಯಂತೆ, ಕೆಲಸದಿಂದ ಏಕೆ ತೆಗೆಯಬಾರದು ಎಂದು ಅವಳು ಉತ್ತರಿಸಬೇಕಂತೆ. ಪುರಾವೆಗೆ ಒಂದು ಹಾಳೆ ಲಗತ್ತಿಸಿದ್ದೀರಿ: ನಾಲ್ಕನೇ ಅಭ್ಯಾಸ. ಉಳಿದ ಹದಿನೆಂಟನ್ನು ಯಾವ ಗಾಳಿ ಹೊತ್ತುಕೊಂಡು ಹೋಯಿತು? ಅಲ್ಲೇ ಉಳಿಯಬೇಕಾದದ್ದು ನಿಮ್ಮ ಮೇಜಿಗೆ ನಡೆದು ಬಂದದ್ದು ಹೇಗೆ? ಈಜು ಕಲಿಯುವಾಗ ನೀರು ಕುಡಿದವಳ ಮೇಲೆ ಕೆರೆ ಕದ್ದ ಆರೋಪ ಹೊರಿಸುತ್ತೀರಾ? ಯಂತ್ರ ತನ್ನ ಮಾತಿಗೆ ತಪ್ಪಲಿಲ್ಲ. ತಪ್ಪಿದ್ದು ಸುತ್ತೋಲೆಗೆ ಸಹಿ ಹಾಕಿದ ಕೈ. ನಾಳೆಯಿಂದ ಯಾವ ಶಿಕ್ಷಕಿ ಅದರ ಮುಂದೆ ಬಾಯಿ ಬಿಟ್ಟಾಳು?

ಇನ್ನು ಆ ಬಾಗಿಲು. ಅದನ್ನು ಕೂರಿಸಿದ್ದೂ ನಾನೇ. ನೆಲದ ಕಲ್ಲು ಎದ್ದು ಹತ್ತು ವರ್ಷದಿಂದ ಅದರ ತಳ ಉಜ್ಜುತ್ತದೆ. ತಳ ಹೆರೆದು ಕೊಡುತ್ತೇನೆಂದರೆ ನಿಮ್ಮ ಕಚೇರಿಯೇ ಒಪ್ಪಿಗೆ ಕೊಡಲಿಲ್ಲ. ಭುಜ ಕೊಡದೆ ಅದು ಅಲುಗುವುದಿಲ್ಲ. ಯಾವ ಗಾಳಿಗೆ ಭುಜ ಇದೆ?

ಆದ್ದರಿಂದ ಸೋಮವಾರದ ವಿಚಾರಣೆಯನ್ನು ನಿಮ್ಮ ಕಚೇರಿಯಲ್ಲಲ್ಲ, ಮುಖ್ಯೋಪಾಧ್ಯಾಯರ ಆ ಕೋಣೆಯಲ್ಲಿ ನಡೆಸಿ. ಹತ್ತೊಂಬತ್ತು ಅಭ್ಯಾಸಗಳನ್ನೂ ಓದಿ, ಇಲ್ಲವೇ ಒಂದನ್ನೂ ಓದಬೇಡಿ. ಆ ಹುಡುಗಿಯನ್ನು ಕರೆಸಿ, ಅವಳ ಬಲಗಡೆ ಕೂತು ಕೇಳಿ. ಆಮೇಲೆ ಕಿಟಕಿಗಳನ್ನೆಲ್ಲ ತೆಗೆಸಿ, ನಿಮ್ಮ ಸಹಿ ಹಾಕುವ ಕೈಯನ್ನು ಆ ಚೌಕಟ್ಟಿನ ಮೇಲಿಟ್ಟು ಗಾಳಿಗೆ ಕಾಯಿರಿ. ಎಷ್ಟು ಹೊತ್ತಾದರೂ ಕಾಯಿರಿ, ಹೆದರಬೇಡಿ. ಬಾಗಿಲಿನ ಜವಾಬ್ದಾರಿ ನನ್ನದು.

ಇಂತಿ,
ತಂಗಿ ಕೈಹಿಡಿದು ತಿದ್ದಿಸಿದ್ದರಿಂದ ಅಕ್ಷರ ಕಲಿತು,
ಈಗ ಅವಳ ಎಡಗೈ ಹಿಡಿದು ತಿದ್ದಿಸುತ್ತಿರುವ
ಬಡಗಿ ಅಣ್ಣ